ಗಜನಿಯಲ್ಲೊಂದು ಸಿಗಡಿ ಬೆಳೆ: ಅರ್ಜಿಯಿಂದ ತುರ್ತು ಕೊಯ್ಲಿನ ತನಕ

ಬೇಸಿಗೆಯ ವನಾಮಿ, ಅಂದರೆ ವಿದೇಶಿ ಬಿಳಿ ಸಿಗಡಿಯ ಬೆಳೆ ಮುಗಿಯಿತು. ಎರಡು ಹೊಂಡಗಳಲ್ಲಿ ಒಂದಕ್ಕೆ ಬಿಳಿಚುಕ್ಕೆ ಎಂಬ ವೈರಾಣು ರೋಗ ತಗಲಿ, ಕಿಲೋಗೆ 80 ಸಿಗಡಿ ತೂಗುವಷ್ಟು ಚಿಕ್ಕದಿರುವಾಗಲೇ ಎತ್ತಬೇಕಾಯಿತು. ಇನ್ನೊಂದು ಪೂರ್ತಿ ಬೆಳೆದು ಮಾರಾಟವಾಯಿತು. ನಡುವೆ ಇದ್ದದ್ದು ಒಂದೇ ದಂಡೆ. ಕುಮಟಾ, ಅಂಕೋಲಾ ಕಡೆಯ ಗಜನಿಗಳಲ್ಲಿ, ಅಂದರೆ ಉಬ್ಬರದ ಉಪ್ಪುನೀರು ಹೊಕ್ಕುವ ತಗ್ಗು ಗದ್ದೆಗಳಲ್ಲಿ, ಹೊಸದಾಗಿ ಸಿಗಡಿ ಹಾಕಲು ಹೊರಟವರು ಫೋನು ಮಾಡಿ ಕೇಳುವುದು ಒಂದೇ ಮಾತು: ಉಳಿದ ಹೊಂಡಕ್ಕೆ ಯಾವ ಔಷಧಿ ಹಾಕಿದಿರಿ? ಯಾವುದೂ ಇಲ್ಲ. ಈ ವೈರಾಣುವಿಗೆ ಮದ್ದಿಲ್ಲ. ಅಂಗಡಿಯಲ್ಲಿ ಮದ್ದೆಂದು ಕೊಡುವ ಡಬ್ಬಗಳಿಂದ ಅಂಗಡಿಗೆ ಲಾಭ, ಅಷ್ಟೇ. ರೋಗ ಹೊಂಡದೊಳಗೆ ಬರುವ ದಾರಿಗಳು ಬೆರಳೆಣಿಕೆಯವು: ತಳದ ಕೆಸರು, ಒಳಬಿಡುವ ನೀರು, ತಂದು ಬಿಡುವ ಮರಿ, ಅತ್ತಿತ್ತ ಓಡಾಡುವ ಏಡಿ, ಹಕ್ಕಿ, ಮನುಷ್ಯ. ಒಂದೊಂದನ್ನೂ ಮುಚ್ಚುತ್ತ ಹೋಗುವುದೇ ಕೆಲಸ. ಆದರೆ ಗಜನಿಯಲ್ಲಿ ನಮ್ಮ ಹೊರನೀರು ಪಕ್ಕದವರ ಒಳನೀರು. ಹಾಗಾಗಿ ನಾವು ಎಷ್ಟೇ ಮುಚ್ಚಿದರೂ ಪಕ್ಕದವರ ಜತೆ ಮಾತುಕತೆ ಇಲ್ಲದಿದ್ದರೆ ಅರ್ಧ ಕೆಲಸ ಮಾತ್ರ ಆದಂತೆ. ಆ ಮಾತುಕತೆಗೇ ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು.

ಮೊದಲು ಕಾಗದಪತ್ರ. ಬಿಳಿಚುಕ್ಕೆ ಭಾರತದ ಹೊಂಡಗಳಿಗೆ ಬಂದದ್ದು 1994ರ ಸುಮಾರಿಗೆ, ಪೂರ್ವ ಕರಾವಳಿಯಿಂದ. ಆಗ ಟೈಗರ್ ಸಿಗಡಿ ಹಾಕುತ್ತಿದ್ದ ನಮ್ಮ ಕಡೆಯ ಗಜನಿಗಳೂ ಸಾಲಾಗಿ ಖಾಲಿಯಾದವು. 1996ರಲ್ಲಿ ಕರಾವಳಿಯ ಸಿಗಡಿ ಕೃಷಿಗೆ ಕಡಿವಾಣ ಹಾಕಿದ ಸುಪ್ರೀಂ ಕೋರ್ಟಿನ ತೀರ್ಪು, 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ, 2023ರಲ್ಲಿ ಅದಕ್ಕೆ ತಿದ್ದುಪಡಿ. ಈಗ ಉಪ್ಪುನೀರಿನಲ್ಲಿ ಸಿಗಡಿ ಬೆಳೆಯುವವರು ಚೆನ್ನೈನ ಈ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಲೇಬೇಕು. ನೋಂದಣಿಯ ಅವಧಿ 5 ವರ್ಷ, ಆಮೇಲೆ ನವೀಕರಣ. ಅರ್ಜಿಯ ಆರಂಭ ಜಿಲ್ಲೆಯ ಮೀನುಗಾರಿಕೆ ಇಲಾಖೆಯಲ್ಲಿ. ಪಹಣಿ, ಸರ್ವೆ ನಕ್ಷೆ, ಗೇಣಿಯಾಗಿದ್ದರೆ ಕರಾರುಪತ್ರ, ಗುರುತಿನ ಚೀಟಿ, ಹೊಂಡಗಳ ವಿನ್ಯಾಸ ಬೇಕು.

ಗಜನಿಯಲ್ಲಿ ಪಹಣಿಯೇ ತಕರಾರು. ಒಂದೇ ಸರ್ವೆ ನಂಬರಿನಲ್ಲಿ ಅಜ್ಜನ ಕಾಲದ ಹತ್ತಾರು ಹೆಸರು. ಕೆಲವರು ತೀರಿಹೋಗಿದ್ದಾರೆ, ಕೆಲವರು ಮುಂಬೈಯಲ್ಲಿದ್ದಾರೆ. ಎಲ್ಲರ ಒಪ್ಪಿಗೆ ಪತ್ರ ಸೇರಿಸುವಷ್ಟರಲ್ಲಿ ಒಂದು ಬೆಳೆಯ ಕಾಲವೇ ಕಳೆದುಹೋಗಬಹುದು. ಮಳೆಗಾಲದಲ್ಲಿ ಹೊಂಡಕ್ಕೆ ಹೇಗೂ ಕೆಲಸವಿಲ್ಲ. ಆಗಲೇ ಇದನ್ನು ಶುರು ಮಾಡಿ. ಸ್ಥಳ ತನಿಖೆಗೆ ಬಂದವರು ನಮ್ಮಲ್ಲಿ ಕಟ್ಟುನಿಟ್ಟಾಗಿ ನೋಡಿದ್ದು ನೀರು ಬರುವ ದಾರಿ, ಹೋಗುವ ದಾರಿ ಬೇರೆ ಬೇರೆಯೇ ಎಂಬುದನ್ನು. ಹಳೆಯ ಗಜನಿಗಳಲ್ಲಿ ಒಂದೇ ತೂಬು. ಭರತದಲ್ಲಿ ನೀರು ಒಳಗೆ, ಇಳಿತದಲ್ಲಿ ಹೊರಗೆ. ಉಪ್ಪುನೀರು ತಡೆಯುವ ಕಗ್ಗ ಭತ್ತಕ್ಕೆ ಅದು ಸಾಕಿತ್ತು. ವನಾಮಿಗೆ ಪ್ರತ್ಯೇಕ ಅನುಮತಿ ಬೇಕು, ಅದರ ಷರತ್ತುಗಳೂ ಬೇರೆ: ಚದರ ಮೀಟರಿಗೆ 60 ಮರಿಗಿಂತ ಹೆಚ್ಚು ಬಿಡುವಂತಿಲ್ಲ, ಸಂಗ್ರಹ ಹೊಂಡ, ಏಡಿ ಬೇಲಿ, ಹಕ್ಕಿ ತಡೆ, ಹೊಂಡಕ್ಕೊಂದು ಬೇರೆ ಸಲಕರಣೆ ಇರಬೇಕು, ಜಮೀನು ಎಷ್ಟೇ ಚಿಕ್ಕದಿರಲಿ ಹೊರನೀರು ಶುದ್ಧೀಕರಿಸುವ ಹೊಂಡ ಬೇಕು, ಅದರಲ್ಲಿ ನೀರು ಕನಿಷ್ಠ ಎರಡು ದಿನ ನಿಲ್ಲಬೇಕು, ರೋಗ ಬಂದರೆ ಬಲೆಯಿಂದಷ್ಟೇ ಹಿಡಿಯಬೇಕು, ತೂಬು ತೆಗೆಯಕೂಡದು. ಇದನ್ನೆಲ್ಲ ನಕ್ಷೆಯಲ್ಲಿ ಮೊದಲೇ ಗುರುತಿಸಿ ಕೊಟ್ಟರೆ ಎರಡನೇ ತನಿಖೆಯ ಕಾಯುವಿಕೆ ತಪ್ಪುತ್ತದೆ. ಬೆಳೆಯುವ ಜಾಗವನ್ನು ಸಂಗ್ರಹ ಹೊಂಡಕ್ಕೆ ಬಿಟ್ಟುಕೊಡುವಾಗ ಹೊಟ್ಟೆ ಉರಿಯುತ್ತದೆ, ನಿಜ. ಬೆಳೆಯ ಕೊನೆಯಲ್ಲಿ ನಮ್ಮನ್ನು ಉಳಿಸಿದ್ದು ಆ ಜಾಗವೇ.

ಮುಂದಿನದು ತಳ. ಹಳೆಯ ಹೊಂಡವಾದರೆ ಇಲ್ಲಿಂದಲೇ ರೋಗ ಶುರುವಾಗುತ್ತದೆ. ಬಿಸಿಲಿಗೆ ಒಣಗಿಸಿದರೆ ಎಲ್ಲ ಸಾಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಚೆನ್ನೈನ ಸಿಬಾ (ಕೇಂದ್ರೀಯ ಚೌಳುನೀರು ಜಲಕೃಷಿ ಸಂಶೋಧನಾ ಸಂಸ್ಥೆ) ನಡೆಸಿದ ಪ್ರಯೋಗದಲ್ಲಿ ಬಿಳಿಚುಕ್ಕೆ ವೈರಾಣು ಬಿಸಿಲಿಗೆ ಒಣಗಿಸಿದ ಹೊಂಡದ ಮಣ್ಣಿನಲ್ಲಿ 19 ದಿನಗಳವರೆಗೂ, ನೀರು ನಿಂತ ಮಣ್ಣಿನಲ್ಲಿ 35 ದಿನಗಳವರೆಗೂ ಸೋಂಕು ತರುವ ಶಕ್ತಿ ಉಳಿಸಿಕೊಂಡಿತ್ತು. ಅಂದರೆ ಎರಡು ವಾರ ಬಿರುಕು ಬಿಡುವ ಹಾಗೆ ಒಣಗಿಸಿದ್ದೇವೆ ಎಂಬುದು ಸಾಲದು. ತೂಬಿನ ಬುಡ, ಹೊಂಡದ ನಡುವಿನ ತಗ್ಗು, ನೀರಿಗೆ ಗಾಳಿ ಬೆರೆಸುವ ಏರೇಟರ್ ಕೆಳಗಿನ ಗುಂಡಿ ಎಂದೂ ಪೂರ್ತಿ ಒಣಗುವುದಿಲ್ಲ. ಆ ಕಪ್ಪು ಕೆಸರನ್ನು ಎತ್ತಿ ಹೊರಗೆ ಸಾಗಿಸಬೇಕು. ದಂಡೆಯ ಮೇಲೇ ಹಾಕಿದರೆ ಮೊದಲ ಮಳೆಗೆ ಮತ್ತೆ ಒಳಗೆ ಇಳಿಯುತ್ತದೆ.

ವೈರಾಣುವಿಗಿಂತ ಹಟಮಾರಿ ಇಎಚ್‌ಪಿ. ಇದು ಸಿಗಡಿಯ ಜೀರ್ಣಗ್ರಂಥಿಯೊಳಗೆ ಬೆಳೆಯುವ ಸೂಕ್ಷ್ಮ ಪರಾವಲಂಬಿ. 2009ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಿ ಹೆಸರಿಟ್ಟರು. ಇದು ಸಿಗಡಿಯನ್ನು ತಟ್ಟನೆ ಕೊಲ್ಲುವುದಿಲ್ಲ, ಬೆಳೆಯಲು ಬಿಡುವುದಿಲ್ಲ. ಮೇವು ಹೋಗುತ್ತಲೇ ಇರುತ್ತದೆ, ತೂಕ ಏರುವುದಿಲ್ಲ, ಒಂದೇ ಬಲೆಯಲ್ಲಿ ಬೆರಳುದ್ದದ್ದೂ ಉಗುರುದ್ದದ್ದೂ ಬರುತ್ತವೆ. ಸತ್ತ ಸಿಗಡಿ ಕಣ್ಣಿಗೆ ಬೀಳದ ಕಾರಣ ಬೆಳೆಗಾರ ಕೊನೆಯವರೆಗೂ ಮೇವಿಗೆ ಸಾಲ ಮಾಡುತ್ತಾನೆ. ಇದರ ಗಟ್ಟಿ ಕವಚದ ಬೀಜಾಣು ಕೆಸರಿನಲ್ಲಿ ಉಳಿದು ಮುಂದಿನ ಬೆಳೆಗೆ ದಾಟುತ್ತದೆ, ನಡುವೆ ಬೇರೆ ಜೀವಿಯ ಆಸರೆಯೂ ಬೇಡ. ಶಿಫಾರಸು ಹೀಗಿದೆ: ಒಣಗಿದ ತಳಕ್ಕೆ ಹೆಕ್ಟೇರಿಗೆ 6 ಟನ್ ಸುಟ್ಟ ಸುಣ್ಣ ಹರಡಿ, 10ರಿಂದ 12 ಸೆಂಟಿಮೀಟರ್ ಆಳಕ್ಕೆ ಉತ್ತು, ಮೇಲಿಂದ ನೀರು ಚಿಮುಕಿಸಬೇಕು. ಮಣ್ಣಿನ ಪಿಎಚ್ 12 ದಾಟಿ ಒಂದೆರಡು ದಿನ ಹಾಗೇ ನಿಂತು, ಆಮೇಲೆ ತಾನಾಗಿ ಇಳಿಯಬೇಕು.

ಇಲ್ಲಿ ಕೈಕೊಡುವುದು ಸುಣ್ಣದ ಜಾತಿ. ಕೃಷಿ ಸುಣ್ಣದ ಪುಡಿ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಆದರೆ ಅದನ್ನು ರಾಶಿ ಹಾಕಿದರೂ ಪಿಎಚ್ 12ರ ಹತ್ತಿರ ಹೋಗುವುದಿಲ್ಲ. ಬೇಕಾದದ್ದು ಅರಳದ ಸುಟ್ಟ ಸುಣ್ಣ. ಚೀಲದಿಂದ ಒಂದು ಹೆಂಟೆ ತೆಗೆದು ನೀರು ಹನಿಸಿ. ಚುರ್ ಎಂದು ಕಾದು ಸಿಡಿಯಬೇಕು. ಸುಮ್ಮನೆ ಒದ್ದೆಯಾದರೆ ಆ ಲಾರಿ ವಾಪಸ್ ಕಳಿಸಿ. ಅರ್ಧ ಹೆಕ್ಟೇರಿನ ಹೊಂಡಕ್ಕೆ 3 ಟನ್ ಬೇಕು. ಸಾಗಣೆ ಸೇರಿ ಇದು ಸಣ್ಣ ಖರ್ಚಲ್ಲ, ಹಾಗಾಗಿ ಎಲ್ಲರೂ ಅರ್ಧ ಹಾಕಿ ಮುಗಿಸುತ್ತಾರೆ. ಗಜನಿಯ ಮಣ್ಣು, ಅದರಲ್ಲೂ ಹಿಂದೆ ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಇದ್ದ ಜಾಗದ್ದು, ಮೊದಲೇ ಹುಳಿ. ಹಾಕಿದ ಸುಣ್ಣದ ಒಂದು ಪಾಲು ಆ ಹುಳಿ ಸರಿಪಡಿಸುವುದಕ್ಕೇ ಹೋಗುತ್ತದೆ. ಅರ್ಧ ಪ್ರಮಾಣದಲ್ಲಿ ಪಿಎಚ್ 12 ಮುಟ್ಟುವುದೇ ಇಲ್ಲ, ಆಗ ಹಾಕಿದ್ದೂ ದಂಡ. ಹೊಂಡದ ಏಳೆಂಟು ಕಡೆಯ ಮಣ್ಣು ತೆಗೆದು, ಸಮತೂಕದ ಶುದ್ಧ ನೀರಿನಲ್ಲಿ ಕಲಸಿ ಪಿಎಚ್ ನೋಡುವುದು ಹತ್ತು ನಿಮಿಷದ ಕೆಲಸ. ಸುಣ್ಣ ಎರಚುವ ಆಳುಗಳಿಗೆ ಕಣ್ಣಿಗೆ ಕನ್ನಡಕ, ಕೈಗೆ ಗವಸು, ಮೈಗೆ ತುಂಬುತೋಳು ಕಡ್ಡಾಯ ಮಾಡಿ. ಬೆವರಿದ ಮೈಮೇಲೆ ಸುಟ್ಟ ಸುಣ್ಣ ಬಿದ್ದರೆ ಚರ್ಮ ಸುಡುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು.

ನೀರಿನ ವಿಚಾರದಲ್ಲಿ ಎಲ್ಲಕ್ಕೂ ಮುಂಚೆ ಸೋಸುವುದು, ಆಮೇಲೆ ಕ್ಲೋರಿನ್. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದಲ್ಲಿ ಸಮುದ್ರದ ಹೊಸ ನೀರು ಕೋಡಿಯೊಳಗೆ, ಅಂದರೆ ಗಜನಿಗೆ ನೀರು ತರುವ ಕಾಲುವೆಯೊಳಗೆ ಏರುವ ಹೊತ್ತಿಗೆ ಮಾತ್ರ ಪಂಪ್ ಹಾಕಬೇಕು. ಇಳಿತದ ನೀರು ಎಲ್ಲ ಹೊಂಡಗಳ ಕೊಳೆ ಹೊತ್ತು ತರುತ್ತದೆ. ಪಂಪಿನ ಬಾಯಿಗೆ ಅಂಗುಲಕ್ಕೆ 60 ಕಣ್ಣಿರುವ, ಅಂದರೆ 60 ಮೆಶ್‌ನ ಎರಡು ಪದರದ ಚೀಲ ಕಟ್ಟಬೇಕು. ಕಾಡು ಸಿಗಡಿ, ಏಡಿಮರಿ, ಅವುಗಳ ಮೊಟ್ಟೆ ತಡೆಯಲು ಇದು. ಬಿಡಿ ವೈರಾಣು ಯಾವ ಬಲೆಗೂ ಸಿಗುವುದಿಲ್ಲ. ಆದರೆ ಆಸರೆ ಜೀವಿಗಳಿಲ್ಲದ ಹೊಂಡದ ನೀರಿನಲ್ಲಿ ಅದು ಸೋಂಕು ತರುವಂತೆ ಉಳಿಯುವುದು ಮೂರು ನಾಲ್ಕು ದಿನದ ಲೆಕ್ಕ. ಸಂಗ್ರಹ ಹೊಂಡ ಬೇಕಾಗುವುದು ಇದಕ್ಕೇ: ಸೋಸಿದ ನೀರು ಅಲ್ಲಿ ನಿಲ್ಲಬೇಕು, ಕ್ಲೋರಿನ್ ಅಲ್ಲೇ ಆಗಬೇಕು, ಆಮೇಲಷ್ಟೇ ಬೆಳೆ ಹೊಂಡಕ್ಕೆ ಹೋಗಬೇಕು. ಮೊದಲ ಸಲ ತುಂಬುವಾಗ ಮಾತ್ರ ಬೆಳೆ ಹೊಂಡದಲ್ಲೇ ಕ್ಲೋರಿನ್ ಹಾಕಬಹುದು.

ಲೆಕ್ಕ ಹೀಗೆ: ಅರ್ಧ ಹೆಕ್ಟೇರ್ ಅಂದರೆ 5,000 ಚದರ ಮೀಟರ್, 1.2 ಮೀಟರ್ ಆಳಕ್ಕೆ 6,000 ಘನ ಮೀಟರ್ ನೀರು. ಬ್ಲೀಚಿಂಗ್ ಪೌಡರ್ 60 ಪಿಪಿಎಂ ಅಂದರೆ ಘನ ಮೀಟರಿಗೆ 60 ಗ್ರಾಂ, ಒಟ್ಟು 360 ಕಿಲೋ. ಪೌಡರಿನಲ್ಲಿ ಮೂರರಲ್ಲೊಂದು ಪಾಲು ಕ್ಲೋರಿನ್ ಇದ್ದರೆ ನೀರಿನಲ್ಲಿ 20 ಪಿಪಿಎಂ ಆಗುತ್ತದೆ. ಕಿಲೋಗೆ 30 ರೂಪಾಯಿ ಹಿಡಿದರೆ ಒಂದು ಸಲಕ್ಕೆ 10,800 ರೂಪಾಯಿ. ಕರಾವಳಿಯ ತೇವಕ್ಕೆ ತೆರೆದ ಚೀಲದ ಶಕ್ತಿ ದಿನದಿನಕ್ಕೆ ಇಳಿಯುತ್ತದೆ. ಹೋದ ವರ್ಷದ ಉಳಿಕೆ ಚೀಲ ಲೆಕ್ಕಕ್ಕೆ ಹಿಡಿಯಬೇಡಿ. ಹಾಕುವ ಹೊತ್ತು ಸಂಜೆ, ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ. ನೀರಿನ ಪಿಎಚ್ 8ಕ್ಕಿಂತ ಕೆಳಗಿದ್ದರೆ ಕೆಲಸ ಚುರುಕು, 8.5 ದಾಟಿದರೆ ಅದೇ 360 ಕಿಲೋದಲ್ಲಿ ಬಹುಪಾಲು ಮಂದವಾಗಿಬಿಡುತ್ತದೆ. ಸುಣ್ಣ ಹಾಕಿದ ಬೆನ್ನಿಗೇ ನೀರು ತುಂಬಿ ಬ್ಲೀಚಿಂಗ್ ಸುರಿಯುವವರು ಎರಡು ಖರ್ಚನ್ನೂ ಒಂದಕ್ಕೊಂದು ಹೊಡೆದಾಡಿಸುತ್ತಾರೆ. ಪುಡಿಯನ್ನು ನೀರಿನಲ್ಲಿ ಕದಡಿ ಎರಚಿ ಏರೇಟರ್ ಓಡಿಸಬೇಕು. ಮೂರು ನಾಲ್ಕು ದಿನದ ನಂತರ ಆರ್ಥೋ ಟಾಲಿಡಿನ್ ಹನಿ ಹಾಕಿ ನೋಡಿ; ಹಳದಿ ಬಣ್ಣ ಬಂದರೆ ಕ್ಲೋರಿನ್ ಇನ್ನೂ ಇದೆ.

ಏಡಿ ಬೇಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಸಾಕು. ಅರ್ಧ ಮೀಟರ್ ಎತ್ತರ, ಕೆಳಗಿನ ಅಂಚು ಗೇಣುದ್ದ ಮಣ್ಣಿನೊಳಗೆ, ಹೊರಕ್ಕೆ ತುಸು ವಾಲಿರಬೇಕು. ಗೂಟಗಳು ಒಳಬದಿಗಿರಲಿ, ಹೊರಗಿದ್ದರೆ ಏಡಿಗೆ ಅದೇ ಏಣಿ. ಏಡಿಗಳು ಬಿಳಿಚುಕ್ಕೆ ವೈರಾಣುವನ್ನು ಮೈಯಲ್ಲಿಟ್ಟುಕೊಂಡು ಆರಾಮಾಗಿ ಓಡಾಡುತ್ತವೆ, ಸಾಯುವುದು ಸಿಗಡಿ. ಮೇಲೆ ಹಕ್ಕಿಗೆ ಬಲೆ ಅಥವಾ ದಾರ. ಬೆಳ್ಳಕ್ಕಿ, ನೀರುಕಾಗೆ, ಕಾಗೆ ಸೋಂಕಿನ ಹೊಂಡದಿಂದ ಸತ್ತ ಸಿಗಡಿ ಎತ್ತಿ ತಂದು ಇಲ್ಲಿ ಬೀಳಿಸುತ್ತವೆ. ಅದನ್ನು ತಿನ್ನಲು ಹೊಂಡದ ಸಿಗಡಿಗಳೇ ಮುಗಿಬೀಳುತ್ತವೆ, ಅವು ಸತ್ತ ತಮ್ಮವನ್ನು ತಿನ್ನುವ ಜಾತಿ. ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿ: 10 ಲೀಟರಿಗೆ 6-7 ಗ್ರಾಂ ಬ್ಲೀಚಿಂಗ್ ಹಾಕಿದರೆ 200 ಪಿಪಿಎಂ ಕ್ಲೋರಿನ್. ಕೆಸರು ಬಿದ್ದ ತೊಟ್ಟಿ ಬರೀ ಶಾಸ್ತ್ರ. ದಿನಾ ಬೆಳಗ್ಗೆ ಹೊಸ ನೀರು ಬೇಕು.

ಈಗ ಮರಿ. ಬೆಳೆಗಾರರು ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲೇ. ವನಾಮಿಯ ತಾಯಿ ಸಿಗಡಿ ವಿದೇಶದಿಂದ ಬಂದು, ಚೆನ್ನೈನ ನೀಲಾಂಗರೈಯ ಕ್ವಾರಂಟೈನ್ ಕೇಂದ್ರದಲ್ಲಿದ್ದು, ಅಲ್ಲಿಂದ ಆಂಧ್ರ, ತಮಿಳುನಾಡಿನ ಹ್ಯಾಚರಿಗಳಿಗೆ (ಮರಿ ಮಾಡುವ ಕೇಂದ್ರಗಳಿಗೆ) ಹೋಗುತ್ತದೆ. ಅದು ಎಸ್‌ಪಿಎಫ್. ಅಂದರೆ ಪಟ್ಟಿ ಮಾಡಿದ ರೋಗಗಳು ಅದರಲ್ಲಿ ಇಲ್ಲ ಎಂದರ್ಥ. ರೋಗ ತಡೆದುಕೊಳ್ಳುತ್ತದೆ ಎಂದಲ್ಲ. ಹ್ಯಾಚರಿಯಲ್ಲಿ ತಾಯಿ ಸಿಗಡಿಗೆ ಸಮುದ್ರ ತೀರದ ಹಸಿ ಹುಳು ತಿನ್ನಿಸಿದರೆ ಬಿಳಿಚುಕ್ಕೆಯೂ ಇಎಚ್‌ಪಿಯೂ ಒಳಬರಲು ಅದೇ ದಾರಿ. ಹಾಗಾಗಿ ‘ಎಸ್‌ಪಿಎಫ್ ಮರಿ’ ಎಂಬ ಬೋರ್ಡು ನೋಡಿ ಮುಂಗಡ ಕೊಡುವ ಮೊದಲು ತಾಯಿ ಸಿಗಡಿಗೆ ಏನು ತಿನ್ನಿಸುತ್ತಾರೆ, ಎಷ್ಟು ತಿಂಗಳಿಂದ ಅದೇ ತಾಯಿ ಇದೆ ಎಂದು ಕೇಳಿ. ಹ್ಯಾಚರಿಗೂ ಪ್ರಾಧಿಕಾರದ ನೋಂದಣಿ ಇರಬೇಕು.

ಹ್ಯಾಚರಿಯವರು ಕೊಡುವ ಪಿಸಿಆರ್ (ರೋಗಾಣುವಿನ ಡಿಎನ್ಎ ಹುಡುಕುವ ಪರೀಕ್ಷೆ) ವರದಿಯ ಮೇಲೆ ಟ್ಯಾಂಕ್ ನಂಬರ್, ದಿನಾಂಕ, ಮರಿಯ ವಯಸ್ಸು ಇದೆಯೇ ನೋಡಿ. ನಮಗೆ ಮೊದಲು ಬಂದದ್ದು ಬೇರೆ ಟ್ಯಾಂಕಿನ ವರದಿ. ಕೇಳಿದಾಗ ‘ಎಲ್ಲ ಒಂದೇ ಸಾರ್’ ಎಂದರು. ಒಂದೇ ಅಲ್ಲ. ನಿಮ್ಮ ಟ್ಯಾಂಕಿನಿಂದ, ನಿಮ್ಮ ಕಣ್ಣೆದುರು, ಐದಾರು ಕಡೆಯಿಂದ ಒಟ್ಟು 150 ಮರಿ ತೆಗೆಸಿ, 95% ಆಲ್ಕೋಹಾಲಿನಲ್ಲಿ ಹಾಕಿ, ನಿಮಗೆ ನಂಬಿಕೆಯಿರುವ ಬೇರೆ ಲ್ಯಾಬಿಗೆ ಕಳಿಸಿ. ಫಾರ್ಮಲಿನ್‌ನಲ್ಲಿ ಹಾಕಬೇಡಿ, ಅದು ಡಿಎನ್ಎ ಕೆಡಿಸುತ್ತದೆ. ಬಿಳಿಚುಕ್ಕೆ ಪರೀಕ್ಷೆಗೆ ಮರಿಯ ಕಣ್ಣು ತೆಗೆದಿರಬೇಕು, ಕಣ್ಣಿನಲ್ಲಿ ಪಿಸಿಆರ್ ತಡೆಯುವ ಅಂಶವಿದೆ. ದೊಡ್ಡ ಸಿಗಡಿಯಾದರೆ ಬಿಳಿಚುಕ್ಕೆಗೆ ಕಿವಿರು ಅಥವಾ ಈಜುಗಾಲು, ಇಎಚ್‌ಪಿಗೆ ಜೀರ್ಣಗ್ರಂಥಿ. ಒಂದರ ಮಾದರಿಯಿಂದ ಇನ್ನೊಂದನ್ನು ನೋಡಲು ಬರುವುದಿಲ್ಲ; ಬಿಳಿಚುಕ್ಕೆ ವೈರಾಣು ಜೀರ್ಣಗ್ರಂಥಿಯ ಜೀವಕೋಶಗಳಲ್ಲಿ ಬೆಳೆಯುವುದಿಲ್ಲ, ಇಎಚ್‌ಪಿ ಮನೆ ಮಾಡುವುದೇ ಅಲ್ಲಿ. ಇಎಚ್‌ಪಿಗೆ ಬೀಜಾಣು ಕವಚದ ಪ್ರೋಟೀನಿನ ಜೀನ್ ಗುರುತಿಸುವ ಎಸ್‌ಡಬ್ಲ್ಯೂಪಿ ವಿಧಾನ ಕೇಳಿ. ಹಳೆಯ ವಿಧಾನ ಇದರ ನೆಂಟ ಜಾತಿಗಳಿಗೂ ಪಾಸಿಟಿವ್ ತೋರಿಸಬಹುದು.

ಈ ವರದಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ? ಟ್ಯಾಂಕಿನಲ್ಲಿ ನೂರಕ್ಕೆ 2 ಮರಿಗೆ ಸೋಂಕು ಇದ್ದರೆ 150ರ ಮಾದರಿಯಲ್ಲಿ ಅದು ಸಿಗುವ ಖಾತರಿ 95%. ಸೋಂಕು ಸಾವಿರಕ್ಕೆ ಒಂದೇ ಮರಿಗೆ ಇದ್ದರೆ, ಅಂದರೆ 2 ಲಕ್ಷ ಮರಿಯಲ್ಲಿ 200ಕ್ಕೆ ಇದ್ದರೆ, ಅದೇ 150ರಲ್ಲಿ ಒಂದೂ ಸಿಗದೆ ವರದಿ ನೆಗೆಟಿವ್ ಬರುವ ಸಾಧ್ಯತೆ 86%. ನೆಗೆಟಿವ್ ಚೀಟಿ ಬಂದಿತೆಂದು ನೀರು, ಏಡಿ, ಹಕ್ಕಿಯ ಕೆಲಸ ಸಡಿಲ ಬಿಡಬಾರದು ಎನ್ನುವುದು ಇದಕ್ಕೆ. ಹಾಗೆಂದು ಪರೀಕ್ಷೆಯೇ ದಂಡ ಎನ್ನುವವರ ಮಾತೂ ಕೇಳಬೇಡಿ. ಮರಿಗೆ 40 ಪೈಸೆ ಹಿಡಿದರೆ 2 ಲಕ್ಷಕ್ಕೆ 80,000 ರೂಪಾಯಿ. ಆ ಮೇಲೆ ಹೋಗುವ ಮೇವು, ಡೀಸೆಲ್, ಕರೆಂಟಿನ ಮುಂದೆ ಪರೀಕ್ಷೆಯ ಖರ್ಚು ಲೆಕ್ಕಕ್ಕಿಲ್ಲ. ಜತೆಗೆ ಟ್ಯಾಂಕಿನ ಬಳಿಯೇ 100 ಮರಿಯನ್ನು ಅರ್ಧ ಉಪ್ಪಿನ ನೀರಿಗೆ ಹಾಕಿ ಅರ್ಧ ಗಂಟೆ ನೋಡಿ. 95ಕ್ಕಿಂತ ಕಡಿಮೆ ಉಳಿದರೆ ಆ ಟ್ಯಾಂಕ್ ಬೇಡ.

ಕಾಯುವಿಕೆ ಹಿಂಸೆ ಅನ್ನಿಸುವುದು ಇದೇ ಹಂತದಲ್ಲಿ. ಹೊಂಡ ಸಿದ್ಧವಿದೆ, ನೀರಿಗೆ ಹಸಿರು ಬಣ್ಣ ಬಂದಿದೆ, ಭರತದ ತಿಥಿ ದಾಟುತ್ತಿದೆ, ಹ್ಯಾಚರಿಯವರು ಬೇರೆ ಗಿರಾಕಿ ಇದ್ದಾರೆ ಎನ್ನುತ್ತಿದ್ದಾರೆ, ಲ್ಯಾಬಿನ ವರದಿ ಬಂದಿಲ್ಲ. ಆ ಒತ್ತಡಕ್ಕೆ ಮಣಿದು ಲಾರಿ ಹೊರಡಿಸಿದವರು ಬಹಳ ಜನ. ಮರಿ ಕಾಯ್ದಿರಿಸುವಾಗಲೇ ‘ನಮ್ಮ ವರದಿ ಬಂದ ಮೇಲೆ ಪ್ಯಾಕಿಂಗ್’ ಎಂದು ಬರೆಸಿಕೊಳ್ಳಿ. ಬಂದ ಚೀಲಗಳನ್ನು ತೇಲಿಬಿಟ್ಟು ಬಿಸಿ ಸಮ ಮಾಡಿ, ಉಪ್ಪಿನಂಶ ಗಂಟೆಗೆ 2-3 ಪಿಪಿಟಿಗಿಂತ (ಸಾವಿರ ಪಾಲು ನೀರಿಗೆ 2-3 ಪಾಲು ಉಪ್ಪು) ಹೆಚ್ಚು ಬದಲಾಗದಂತೆ ತೊಟ್ಟಿಯಲ್ಲಿ ಹೊಂದಿಸಿ. ಚೀಲದ ನೀರನ್ನು ಹೊಂಡಕ್ಕೆ ಸುರಿಯಬೇಡಿ, ಅದು ಹ್ಯಾಚರಿಯ ನೀರು. ನಾವು ಹಾಕಿದ್ದು ಚದರ ಮೀಟರಿಗೆ 40.

ಮರಿ ಬಿಟ್ಟ ಮೇಲಿನ ಎರಡು ತಿಂಗಳು ಹೇಳುವಂಥದ್ದೇನಿಲ್ಲ. ನೀರು ಬದಲಿಸುವುದಿಲ್ಲ, ಆವಿಯಾದಷ್ಟನ್ನು ಸಂಗ್ರಹ ಹೊಂಡದಿಂದ ತುಂಬುವುದು. ಪ್ರತಿ ಹೊಂಡಕ್ಕೆ ಅದರದ್ದೇ ಚೆಕ್ ಟ್ರೇ (ಮೇವು ತಿಂದವೇ ಎಂದು ನೋಡುವ ತಟ್ಟೆ), ಬೀಸುಬಲೆ, ಬಕೆಟು; ಬೇರೆ ಬಣ್ಣದ ಹಗ್ಗ ಕಟ್ಟಿದರೆ ಆಳುಗಳಿಗೆ ಅದಲುಬದಲಾಗುವುದಿಲ್ಲ. ಮೇವಿನ ಲೆಕ್ಕ ದಿನಾ ಬರೆಯಬೇಕು, ಯಾಕೆಂದರೆ ರೋಗದ ಮೊದಲ ಸುದ್ದಿ ಅಲ್ಲಿಂದಲೇ ಬರುತ್ತದೆ. ಬಿಳಿಚುಕ್ಕೆಯಲ್ಲಿ ಮೇವು ಥಟ್ಟನೆ ನಿಲ್ಲುತ್ತದೆ, ಸಿಗಡಿ ದಂಡೆಗೆ ಬಂದು ಮಂಕಾಗಿ ತೇಲುತ್ತದೆ, ಮೈ ನಸುಗೆಂಪಾಗುತ್ತದೆ. ಚಿಪ್ಪಿನ ಒಳಬದಿಯಲ್ಲಿ ಅರ್ಧದಿಂದ ಎರಡು ಮಿಲಿಮೀಟರ್ ಅಗಲದ ಚುಕ್ಕೆಗಳು ಬರಬಹುದು. ವನಾಮಿಯಲ್ಲಿ ಎಷ್ಟೋ ಸಲ ಚುಕ್ಕೆ ಕಾಣುವ ಮೊದಲೇ ಸತ್ತಿರುತ್ತದೆ. ಬ್ಯಾಕ್ಟೀರಿಯಾದಿಂದಲೂ, ಕ್ಷಾರ ಹೆಚ್ಚಾದ ನೀರಿನಿಂದಲೂ ಬಿಳಿ ಚುಕ್ಕೆ ಬರುವುದುಂಟು. ಚುಕ್ಕೆ ನೋಡಿ ಗಾಬರಿಯಾಗುವುದೂ, ಚುಕ್ಕೆಯಿಲ್ಲ ಎಂದು ಸುಮ್ಮನಿರುವುದೂ ಎರಡೂ ತಪ್ಪು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಂಥ ಕಡೆ ಪಿಸಿಆರ್ ಮಾಡಿಸುವುದೇ ನಿಕ್ಕಿ. ಸೋಂಕು ಕಾಣಿಸಿದ ಮೇಲೆ 3ರಿಂದ 10 ದಿನದೊಳಗೆ ಹೊಂಡದ 80-100% ಸಾಯಬಹುದು. ಕಾದು ನೋಡೋಣ ಎನ್ನಲು ಸಮಯವಿಲ್ಲ.

ಮೇ ತಿಂಗಳ ಗುಡುಗು ಮಳೆಯ ಬೆನ್ನಿಗೆ ಪಕ್ಕದವರ ಹೊಂಡದಲ್ಲಿ ಸಾವು ಶುರುವಾಯಿತು. ಮಳೆಗೆ ನೀರಿನ ಬಿಸಿ, ಉಪ್ಪು, ಪಿಎಚ್ ಮೂರೂ ಒಮ್ಮೆಲೇ ಇಳಿಯುತ್ತವೆ. ನೀರು 32 ಡಿಗ್ರಿಗಿಂತ ಮೇಲಿದ್ದಾಗ ಅಡಗಿ ಕುಳಿತ ವೈರಾಣು ತಂಪಾದ ಕೂಡಲೇ ಹೆಚ್ಚುತ್ತದೆ. ಅಲ್ಲಿಯವರು ಮೊದಲಿಗೆ ಹೇಳಲಿಲ್ಲ. ಹೇಳಿದರೆ ಖರೀದಿದಾರ ದರ ಮುರಿಯುತ್ತಾನೆ, ಹೇಳದಿದ್ದರೆ ರಾತ್ರೋರಾತ್ರಿ ತೂಬು ತೆಗೆದು ಸಿಗಡಿ ಹಿಡಿದು ಮುಗಿಸಬಹುದು. ಎಲ್ಲ ಗಜನಿಗಳಲ್ಲೂ ನಡೆಯುವುದು ಇದೇ, ಬೈದು ಪ್ರಯೋಜನವಿಲ್ಲ. ಕೆಲಸಕ್ಕೆ ಬಂದದ್ದು ಬೆಳೆಯ ಆರಂಭದಲ್ಲಿ ಒಂದೇ ಕೋಡಿಯ ಬೆಳೆಗಾರರೆಲ್ಲ ಕೂತು ಆಡಿದ್ದ ಮಾತು: ಸಾವು ಕಂಡವರು ತೂಬು ತೆಗೆಯಬಾರದು, ಫೋನು ಮಾಡಬೇಕು, ಫೋನು ಬಂದ ಮೇಲೆ ಉಳಿದವರು ಕೋಡಿಯಿಂದ ನೀರೆತ್ತಬಾರದು, ಬ್ಲೀಚಿಂಗಿನ ಖರ್ಚು ಹಂಚಿಕೊಳ್ಳಬೇಕು. ಕೊನೆಯ ಮಾತು ಇಲ್ಲದೆ ಮೊದಲೆರಡು ನಡೆಯುವುದಿಲ್ಲ. ಬೆಳೆ ಕಳೆದುಕೊಂಡವನಿಗೆ ಇನ್ನೂ ಹತ್ತು ಸಾವಿರ ಹಾಕಿ ನೀರು ಶುದ್ಧ ಮಾಡು ಎಂದರೆ ಅವನು ಯಾಕೆ ಕೇಳಬೇಕು? ಎರಡು ದಿನ ತಡವಾದರೂ ಅವರ ಫೋನು ಬಂತು. ‘ತೂಬು ತೆಗೀಲಿಲ್ಲ ಮಾರಾಯ, ಬ್ಲೀಚಿಂಗ್ ತರ್ಸು’ ಎಂದರು.

ಅಷ್ಟರಲ್ಲಿ ಆ ಬದಿಗಿದ್ದ ನಮ್ಮ ಹೊಂಡದ ಚೆಕ್ ಟ್ರೇಯಲ್ಲಿ ಮೇವು ಉಳಿಯತೊಡಗಿತ್ತು. ಕಿವಿರು, ಈಜುಗಾಲುಗಳ ಮಾದರಿಯ ಜತೆ ನಡುದಂಡೆಯಲ್ಲಿ ಹಿಡಿದ ಏಡಿಯ ಕಿವಿರನ್ನೂ ಕಳಿಸಿದೆವು. ಎರಡೂ ಪಾಸಿಟಿವ್. ಮಳೆಗೆ ಕುಸಿದ ದಂಡೆಯಲ್ಲಿ ಬೇಲಿಯ ಬುಡ ತೆರೆದುಕೊಂಡಿತ್ತು. ಬೇಲಿ ಹಾಕಿದವರು ಪ್ರತಿ ಮಳೆಯ ಮರುದಿನ ಅದರ ಬುಡ ನೋಡುತ್ತ ಸುತ್ತು ಹಾಕಿ.

ಎತ್ತುವುದೋ ಬಿಡುವುದೋ ಎಂಬ ತೀರ್ಮಾನ ಗಾತ್ರದ ಮೇಲೆ ನಿಂತಿದೆ. ಮಾರಾಟದ ಗಾತ್ರವಿಲ್ಲದಿದ್ದರೆ ಹಿಡಿಯುವ ಕೂಲಿಯೂ ಹುಟ್ಟುವುದಿಲ್ಲ; ಹೊಂಡಕ್ಕೇ ಕ್ಲೋರಿನ್ ಹಾಕಿ ಮುಗಿಸುವುದು ಒಳ್ಳೆಯದು. ಕಿಲೋಗೆ 80 ಅಂದರೆ ಒಂದೊಂದು 12.5 ಗ್ರಾಂ, ಆ ದಿನವೇ ಎತ್ತಿದರೆ ದರ ಇಳಿದರೂ ಕೈಗೆ ಏನಾದರೂ ಬರುತ್ತದೆ. ಈ ವೈರಾಣು ಮನುಷ್ಯರಿಗೆ ತಗಲುವುದಿಲ್ಲ, ಸಿಗಡಿ ತಿನ್ನಲು ಅಡ್ಡಿಯಿಲ್ಲ. ಆದರೆ ಮಂಜುಗಡ್ಡೆಯಲ್ಲಿ ವೈರಾಣು ಸಾಯುವುದೂ ಇಲ್ಲ. ಲಾರಿಯಿಂದ ಸೋರುವ ನೀರು, ತಲೆ ಬಿಡಿಸಿ ಹೊಳೆಗೆ ಎಸೆಯುವ ಕಸ ಎರಡೂ ಅಪಾಯ. ಲಾರಿಯ ನೀರು ಹೋಗುವ ತೂತಿಗೆ ಬಿರಡೆ ಹಾಕಿಸಿ. ಕೊಯ್ಲಿನ ತಂಡದವರು ನಿನ್ನೆ ಯಾವ ಹೊಂಡದಲ್ಲಿದ್ದರು ಎಂದು ಯಾರೂ ಕೇಳುವುದಿಲ್ಲ. ಅವರ ಬಲೆ, ಕ್ರೇಟುಗಳನ್ನು ಬರುವಾಗಲೂ ಹೋಗುವಾಗಲೂ ಬ್ಲೀಚಿಂಗ್ ನೀರಿನಲ್ಲಿ ಅದ್ದಬೇಕು. ತಂಡದವರು ಗೊಣಗುತ್ತಾರೆ. ಅದಕ್ಕೆ ತಗಲುವ ಹೊತ್ತಿನ ಕೂಲಿ ಕೊಟ್ಟರೆ ಸುಮ್ಮನಾಗುತ್ತಾರೆ.

ತೂಬು ಮುಚ್ಚಿಯೇ ಎಳೆಬಲೆ, ಬೀಸುಬಲೆಯಲ್ಲಿ ಹಿಡಿಸಿದೆವು. ನೀರಿಳಿಸದೆ ಹಿಡಿದರೆ ಒಂದಷ್ಟು ಸಿಗಡಿ ತಳದಲ್ಲೇ ಉಳಿಯುತ್ತದೆ, ಆ ನಷ್ಟ ಒಪ್ಪಿಕೊಳ್ಳಲೇಬೇಕು. ಸತ್ತವುಗಳನ್ನು ನೀರಿನಿಂದ ದೂರ, ಎತ್ತರದ ಜಾಗದಲ್ಲಿ ಗುಂಡಿ ತೋಡಿ ಸುಟ್ಟ ಸುಣ್ಣ ಹಾಕಿ ಹೂಳಬೇಕು. ಉಳಿದ ನೀರಿಗೆ ಮತ್ತೆ ಅದೇ 60 ಪಿಪಿಎಂ ಹಾಕಿದರೆ ಮರುದಿನ ಬೆಳಗ್ಗೆ ಹಳದಿ ಬಣ್ಣವೇ ಬರಲಿಲ್ಲ. ಮೇವಿನ ಕೊಳೆ, ಹಿಕ್ಕೆ, ಪಾಚಿ ತುಂಬಿದ ನೀರು ಕ್ಲೋರಿನ್ ನುಂಗುತ್ತದೆ. ಹಳದಿ ಕಾಣುವವರೆಗೂ ಮತ್ತೆ ಹಾಕಬೇಕು, ಆಮೇಲೆ ಒಂದು ವಾರ ಮುಚ್ಚಿಡಬೇಕು. ಬ್ಲೀಚಿಂಗ್ ಲೆಕ್ಕ ಹಾಕುವಾಗ ಮೊದಲ ಸಲದ ಒಂದೂವರೆ ಪಟ್ಟು ಹಿಡಿದು ದಾಸ್ತಾನು ಇಟ್ಟುಕೊಳ್ಳಿ. ರೋಗ ಬಂದ ವಾರದಲ್ಲಿ ಊರಿನ ಅಂಗಡಿಗಳಲ್ಲಿ ಚೀಲ ಸಿಗುವುದಿಲ್ಲ. ಹಳದಿ ಪೂರ್ತಿ ಹೋದ ಮೇಲೆ, ಶುದ್ಧೀಕರಣ ಹೊಂಡ ದಾಟಿಯೇ ನೀರು ಹೊರಗೆ ಬಿಡಬೇಕು. ಕೆಳಗಡೆ ಇಳಿತದಲ್ಲಿ ಬಳಚು (ಚಿಪ್ಪುಮೀನು) ಆರಿಸುವವರಿದ್ದಾರೆ. ಕ್ಲೋರಿನ್ ಉಳಿದ ನೀರು ಬಿಟ್ಟರೆ ನಮ್ಮ ರೋಗಕ್ಕೆ ಅವರ ಅನ್ನ ಹೋಗುತ್ತದೆ. ಮೀನುಗಾರಿಕೆ ಇಲಾಖೆಗೆ ತಿಳಿಸುವುದರ ಜತೆ, 2023ರಲ್ಲಿ ಬಂದ ‘ರಿಪೋರ್ಟ್ ಫಿಶ್ ಡಿಸೀಸ್’ ಆ್ಯಪಿನಲ್ಲೂ ವರದಿ ಮಾಡಬಹುದು.

ಎರಡನೇ ಹೊಂಡ ಉಳಿದದ್ದು ಸಂಗ್ರಹ ಹೊಂಡದಿಂದ. ಕೋಡಿಯಿಂದ ಒಂದು ಹನಿಯೂ ಎತ್ತದೆ ಕೊನೆಯವರೆಗೆ ಅಲ್ಲಿನ ನೀರಿನಲ್ಲೇ ನಡೆಸಿದೆವು. ರೋಗದ ಹೊಂಡದ ಆಳುಗಳಿಗೆ ಈ ಕಡೆ ಪ್ರವೇಶವಿಲ್ಲ ಎಂದು ಬೇರೆಯೇ ಜನ ಇಟ್ಟೆವು, ಎರಡು ಕಡೆ ಕೂಲಿ ಬಿತ್ತು. ಆ ದಿನಗಳಲ್ಲಿ ಔಷಧಿ ಮಾರುವವರು ಬಾಗಿಲಿಗೇ ಬರುತ್ತಾರೆ, ಆಂಟಿಬಯಾಟಿಕ್ ಬೆರೆಸಿದ ಮೇವು ಕೊಡಿ ಎನ್ನುತ್ತಾರೆ. ವೈರಾಣುವಿಗೆ ಅದು ನಾಟುವುದಿಲ್ಲ. ಮೇಲಾಗಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ನಿಷೇಧಿತ. ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂಪೆಡಾ, ಕೊಯ್ಲಿಗೆ ಮುಂಚೆ ಮಾಡುವ ಎಲೈಸಾ ಪರೀಕ್ಷೆಯಲ್ಲಿ (ಔಷಧಿಯ ಉಳಿಕೆ ಹುಡುಕುವ ಪರೀಕ್ಷೆ) ಸಿಕ್ಕಿಬಿದ್ದರೆ ರಫ್ತಿನ ಖರೀದಿದಾರ ಮುಟ್ಟುವುದಿಲ್ಲ. ಆ ಪರೀಕ್ಷೆಗೆ ಎಂಪೆಡಾದಲ್ಲಿ ಹೊಂಡದ ನೋಂದಣಿ ಬೇಕು, ಮಾದರಿ ಕೊಟ್ಟು ಪ್ರಮಾಣಪತ್ರಕ್ಕೆ ಕಾಯಬೇಕು. ಕೊಯ್ಲಿನ ದಿನ ಗೊತ್ತುಮಾಡುವ ಮೊದಲೇ ಅರ್ಜಿ ಹಾಕಿ.

ಈಗ ಎರಡೂ ಹೊಂಡ ಖಾಲಿ, ಮಳೆ ಹಿಡಿದಿದೆ. ರೋಗ ಬಂದ ಹೊಂಡದ ಕೆಸರನ್ನು ನೆರೆ ಬರುವ ಮೊದಲು ಎತ್ತಿಸಿದ್ದೇವೆ, ಸುಣ್ಣದ ಕೆಲಸ ಮಳೆಗಾಲ ಕಳೆದು ತಳ ಒಣಗಿದ ಮೇಲೆ. ಏಡಿ ಬೇಲಿಯನ್ನು ನೆರೆಗೆ ಬಿಡಬೇಡಿ. ಕಿತ್ತು, ಬ್ಲೀಚಿಂಗ್ ನೀರಿನಲ್ಲಿ ತೊಳೆದು, ಸುರುಳಿ ಸುತ್ತಿ ಒಳಗಿಟ್ಟರೆ ಇನ್ನೂ ಎರಡು ಬೆಳೆಗೆ ಬರುತ್ತದೆ.